ಸೆಪ್ಟೆಂಬರಿನ ಆ ಟಿವಿ ಸಡಗರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಮೆರಿಕದ ಟಿವಿಯಲ್ಲಿ ಹೊಸ ಧಾರಾವಾಹಿಗಳೆಲ್ಲ ಸೆಪ್ಟೆಂಬರಿನಲ್ಲೇ ಶುರುವಾಗುತ್ತಿದ್ದವಲ್ಲ, ಏಕೆ?

ಉತ್ತರ: ಬೇಸಿಗೆಯಲ್ಲಿ ಜನ ಸಂಜೆ ಹೊತ್ತು ಮನೆಯೊಳಗೆ ಕೂರುವುದು ಕಡಿಮೆ. ನೋಡುವವರಿಲ್ಲದಾಗ ಹೊಸ ಎಪಿಸೋಡಿಗೆ ದುಡ್ಡು ಸುರಿದರೆ ನಷ್ಟ. ಹಾಗಾಗಿ ಎಬಿಸಿ, ಸಿಬಿಎಸ್, ಎನ್‌ಬಿಸಿ ಎಂಬ ಮೂರೂ ದೊಡ್ಡ ಚಾನೆಲ್‌ಗಳು ಬೇಸಿಗೆಯುದ್ದಕ್ಕೂ ಹೆಚ್ಚಾಗಿ ಹಳೆಯದನ್ನೇ ಮರುಪ್ರಸಾರ ಮಾಡುತ್ತಿದ್ದವು. ಶಾಲೆ ತೆರೆದು, ಕತ್ತಲು ಬೇಗ ಕವಿಯತೊಡಗಿದ ಮೇಲೆ ಮನೆಮಂದಿ ಮತ್ತೆ ಟಿವಿ ಮುಂದೆ ಸೇರುತ್ತಿದ್ದರು. ದೊಡ್ಡ ಜಾಹೀರಾತುದಾರರಾಗಿದ್ದ ಕಾರು ಕಂಪನಿಗಳು ಹೊಸ ಮಾಡೆಲ್ ಬಿಡುತ್ತಿದ್ದುದೂ ಅದೇ ಹೊತ್ತಿಗೆ.

ವರ್ಷದ ಆರಂಭದಲ್ಲಿ ಪೈಲಟ್‌ಗಳ, ಅಂದರೆ ಪ್ರಯೋಗದ ಮೊದಲ ಎಪಿಸೋಡುಗಳ ಚಿತ್ರೀಕರಣ, ಮೇನಲ್ಲಿ ನ್ಯೂಯಾರ್ಕಿನಲ್ಲಿ ಜಾಹೀರಾತುದಾರರ ಮುಂದೆ ವೇಳಾಪಟ್ಟಿಯ ಘೋಷಣೆ, ಬೇಸಿಗೆಯಲ್ಲಿ ಶೂಟಿಂಗ್. ಹೊಸ ಧಾರಾವಾಹಿಗೆ ಮೊದಲು ಸಾಮಾನ್ಯವಾಗಿ 13 ಎಪಿಸೋಡುಗಳ ಆರ್ಡರ್. ಜನ ಒಪ್ಪಿದರೆ ಇನ್ನೊಂದು 9 ಸೇರಿ 22. ಒಪ್ಪದಿದ್ದರೆ ಕೆಲವೇ ವಾರಗಳಲ್ಲಿ ಎತ್ತಂಗಡಿ. ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬ ಕುತೂಹಲವೇ ಆ ಸಡಗರದ ದೊಡ್ಡ ಪಾಲು.

ಪ್ರಶ್ನೆ: ಆ ಖುಷಿ ಈಗ ಏಕಿಲ್ಲ? ನಮಗೆ ವಯಸ್ಸಾಯಿತೆಂದೇ?

ಉತ್ತರ: ವಯಸ್ಸಿನ ಮೇಲೆ ಹಾಕಬೇಡಿ. ಎಲ್ಲರೂ ಒಟ್ಟಿಗೆ ಕಾಯುವುದು ನಿಂತುಹೋಯಿತು, ಅಷ್ಟೇ. 'ಡಲ್ಲಾಸ್' ಧಾರಾವಾಹಿಯಲ್ಲಿ ಜೆ.ಆರ್. ಎಂಬ ಪಾತ್ರಕ್ಕೆ ಗುಂಡು ಬಿದ್ದದ್ದು 1980ರ ಮಾರ್ಚ್ 21ರಂದು. ನಟರ ಮುಷ್ಕರದಿಂದ ಹೊಸ ಸೀಸನ್ ತಡವಾಗಿ, ಹೊಡೆದವರು ಯಾರೆಂದು ತಿಳಿದದ್ದು ನವೆಂಬರ್ 21ಕ್ಕೆ. ಎಂಟು ತಿಂಗಳು ಇಡೀ ದೇಶ ಒಂದೇ ಪ್ರಶ್ನೆ ಕೇಳುತ್ತಿತ್ತು. ಆಗ ಹೆಚ್ಚಿನ ಮನೆಗಳಲ್ಲಿ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡುವ ವಿಸಿಆರ್ ಯಂತ್ರ ಇರಲಿಲ್ಲ. ಎಂಟು ಗಂಟೆಗೆ ಎರಡು ಚಾನೆಲ್‌ಗಳಲ್ಲಿ ಎರಡು ಒಳ್ಳೆಯ ಕಾರ್ಯಕ್ರಮ ಬಂದರೆ ಒಂದನ್ನು ಬಿಡಲೇಬೇಕಿತ್ತು. ಮುಂದೆ ಕೇಬಲ್ ಚಾನೆಲ್‌ಗಳು ಬೇಸಿಗೆಯಲ್ಲೂ ಹೊಸದನ್ನು ತಂದವು. 2013ರ ಫೆಬ್ರುವರಿ 1ರಂದು ನೆಟ್‌ಫ್ಲಿಕ್ಸ್ 'ಹೌಸ್ ಆಫ್ ಕಾರ್ಡ್ಸ್'ನ 13 ಎಪಿಸೋಡುಗಳನ್ನು ಒಂದೇ ದಿನ ಬಿಟ್ಟಿತು. ಆಯ್ಕೆ ಹೆಚ್ಚಿದ್ದು ಒಳ್ಳೆಯದೇ. ಆದರೆ ಮರುದಿನ ಬೆಳಿಗ್ಗೆ ಎಲ್ಲರೂ ಮಾತಾಡಲು ಒಂದೇ ವಿಷಯವಿಲ್ಲದಿರುವುದು, ಅದು ನಿಜವಾದ ನಷ್ಟ.

ಪ್ರಶ್ನೆ: ಆ ಕಾಲದ ಒಂದು ಸಂಜೆಯನ್ನು ಮನೆಯಲ್ಲಿ ಮತ್ತೆ ಕಟ್ಟಿಕೊಳ್ಳಬಹುದೇ?

ಉತ್ತರ: ಖಂಡಿತ. ಒಂದು ಚಾನೆಲ್, ಒಂದು ವಾರದ ದಿನ ಆರಿಸಿ. 1984ರ ಎನ್‌ಬಿಸಿ ಗುರುವಾರ ಚೆನ್ನಾಗಿ ಒದಗುತ್ತದೆ: 8ಕ್ಕೆ 'ಕಾಸ್ಬಿ ಷೋ', 8.30ಕ್ಕೆ 'ಫ್ಯಾಮಿಲಿ ಟೈಸ್', 9ಕ್ಕೆ 'ಚಿಯರ್ಸ್', 9.30ಕ್ಕೆ 'ನೈಟ್ ಕೋರ್ಟ್', 10ಕ್ಕೆ 'ಹಿಲ್ ಸ್ಟ್ರೀಟ್ ಬ್ಲೂಸ್'. ಎಪಿಸೋಡುಗಳನ್ನು ಪ್ರಸಾರವಾದ ದಿನಾಂಕದ ಪ್ರಕಾರ ಜೋಡಿಸಿ. ಕೆಲವು ಡಿವಿಡಿಗಳಲ್ಲಿ ತಯಾರಾದ ಕ್ರಮವಿದ್ದು ಕಥೆ ಹಿಂದುಮುಂದಾಗುತ್ತದೆ. ಅರ್ಧ ಗಂಟೆಯ ಕಾರ್ಯಕ್ರಮ ಜಾಹೀರಾತು ಕಳೆದರೆ 25 ನಿಮಿಷದ ಆಸುಪಾಸು. ಅದಕ್ಕಿಂತ ತೀರಾ ಚಿಕ್ಕದಿದ್ದರೆ ಮರುಪ್ರಸಾರಕ್ಕೆ ಕತ್ತರಿಸಿದ ಪ್ರತಿ ಎಂದು ಅನುಮಾನಿಸಿ. ಉಳಿದ ನಿಮಿಷಗಳಿಗೆ ಆ ವರ್ಷದ ಜಾಹೀರಾತು, ಪ್ರೋಮೋ ಹಾಕಿ. ಮುಂದಿನ ಕಂತು ಮುಂದಿನ ಗುರುವಾರವೇ. ಒಂದನ್ನು ಮುಂಚಿತವಾಗಿ ನೋಡಿಬಿಟ್ಟರೆ ಕಾಯುವ ಸುಖವೇ ಹೋಗುತ್ತದೆ.

ಪ್ರಶ್ನೆ: ಆಗ ರೆಕಾರ್ಡ್ ಮಾಡಿಟ್ಟ ವಿಎಚ್‌ಎಸ್ ಕ್ಯಾಸೆಟ್‌ಗಳಿವೆ. ಕಂಪ್ಯೂಟರಿಗೆ ಹಾಕಿಕೊಳ್ಳುವುದು ಹೇಗೆ?

ಉತ್ತರ: ಮೊದಲು ಕ್ಯಾಸೆಟ್ಟಿನ ಕಿಟಕಿಯಲ್ಲಿ ಬೆಳಕು ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಸ್ಟು. ಅದನ್ನು ವಿಸಿಆರಿಗೆ ಹಾಕಿದರೆ ಟೇಪ್ ಓದುವ ಹೆಡ್ ಕೆಟ್ಟು, ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಅಂಥದ್ದನ್ನು ಶುಚಿ ಮಾಡುವವರಿಗೆ ಕೊಡಿ. ಚೆನ್ನಾಗಿರುವುದರ ಬೆನ್ನಿನ ಪ್ಲಾಸ್ಟಿಕ್ ಚೂರನ್ನು ಮುರಿದುಬಿಡಿ, ಅಪ್ಪಿತಪ್ಪಿಯೂ ಮೇಲೆ ರೆಕಾರ್ಡ್ ಆಗದು. ಆಮೇಲೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ; ಟೇಪಿನ ಬಿಗಿ ಸಮವಾಗುತ್ತದೆ.

ಸಾಮಾನ್ಯ ವೇಗದಲ್ಲಿ 2 ಗಂಟೆ ಹಿಡಿಯುವ ಟಿ-120 ಕ್ಯಾಸೆಟ್ಟಿನಲ್ಲಿ ನಿಧಾನ ವೇಗದಲ್ಲಿ 6 ಗಂಟೆ ತುಂಬಿಸಿದ್ದರೆ ಟ್ರ್ಯಾಕ್, ಅಂದರೆ ಚಿತ್ರ ದಾಖಲಾಗುವ ಪಟ್ಟಿ, ಬಹಳ ಕಿರಿದು: 2 ಗಂಟೆಯ ವೇಗದಲ್ಲಿ 58 ಮೈಕ್ರಾನ್, ಇದರಲ್ಲಿ 19. ಬೇರೆ ವಿಸಿಆರಿನ ಹೆಡ್ ಅದರ ಮೇಲೆ ಸರಿಯಾಗಿ ಕೂರದೆ ಚಿತ್ರದಲ್ಲಿ ಗೆರೆ ಬರುತ್ತದೆ. ಸಾಧ್ಯವಾದರೆ ರೆಕಾರ್ಡ್ ಮಾಡಿದ ಯಂತ್ರದಲ್ಲೇ ಹಾಕಿ, ಟ್ರ್ಯಾಕಿಂಗನ್ನು ಕೈಯಾರೆ ಹೊಂದಿಸಿ. ವಿಸಿಆರನ್ನು ಕಂಪ್ಯೂಟರಿಗೆ ಜೋಡಿಸುವ ಕ್ಯಾಪ್ಚರ್ ಸಾಧನದ ಸೆಟ್ಟಿಂಗ್ ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ), 720×480, ಸೆಕೆಂಡಿಗೆ 29.97 ಫ್ರೇಮ್ ಇರಲಿ. ಭಾರತದಂಥ ದೇಶಗಳ ಪಾಲ್ (PAL) ಪದ್ಧತಿ ಎಂದಿದ್ದರೆ ಚಿತ್ರ ಉರುಳುತ್ತದೆ, ಇಲ್ಲವೇ ಬಣ್ಣ ಮಾಯವಾಗುತ್ತದೆ. ಇಂಟರ್‌ಲೇಸನ್ನು (ಚಿತ್ರದ ಗೆರೆಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಸಲ ತೋರಿಸುವ ಕ್ರಮ) ಮೂಲ ಪ್ರತಿಯಲ್ಲಿ ಹಾಗೇ ಬಿಡಿ.

ಹೋಗಹೋಗುತ್ತ ಮಾತು ತುಟಿಗೆ ಹೊಂದದಿದ್ದರೆ, ಹಳೆಯ ಟೇಪಿನ ಸಿಂಕ್ (ಚಿತ್ರದ ಸಮಯ ಹೊಂದಿಸುವ) ಸಂಕೇತ ಅದುರಿ ಕ್ಯಾಪ್ಚರ್ ಸಾಧನ ಫ್ರೇಮುಗಳನ್ನು ಬಿಟ್ಟಿರುತ್ತದೆ. ನಡುವೆ ಆ ಸಂಕೇತವನ್ನು ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಡಿವಿ (ಡಿಜಿಟಲ್ ವಿಡಿಯೊ) ರೂಪದಲ್ಲಿ ಗಂಟೆಗೆ ಸುಮಾರು 13 ಜಿಬಿ ಜಾಗ ಬೇಕು.

ದಯವಿಟ್ಟು ಜಾಹೀರಾತು ಕತ್ತರಿಸಬೇಡಿ. ಹೆಸರಾದ ಧಾರಾವಾಹಿಗಳು ಡಿಸ್ಕಿನಲ್ಲಿ ಸಿಗುತ್ತವೆ. 'ಈ ಗುರುವಾರದಿಂದ' ಎಂದು ಕೂಗುವ ಆ 30 ಸೆಕೆಂಡಿನ ಪ್ರೋಮೋ ನಿಮ್ಮ ಕ್ಯಾಸೆಟ್ಟಿನಲ್ಲಿ ಮಾತ್ರ ಉಳಿದಿರಬಹುದು.

ಪ್ರಶ್ನೆ: ಅಮೆರಿಕದ ಟಿವಿ ಕಾರ್ಯಕ್ರಮ ಪಟ್ಟಿಯ ಪತ್ರಿಕೆ 'ಟಿವಿ ಗೈಡ್'ನ ಹಳೆಯ ಫಾಲ್ ಪ್ರಿವ್ಯೂ (ಹೊಸ ಧಾರಾವಾಹಿಗಳನ್ನು ಪರಿಚಯಿಸುವ) ಸಂಚಿಕೆ ಕೊಳ್ಳುವಾಗ ಏನು ನೋಡಬೇಕು?

ಉತ್ತರ: ಯಾವ ಊರಿನ ಆವೃತ್ತಿ ಎಂಬುದನ್ನು. 1953ರಿಂದ ಬಂದ ಈ ಪುಟ್ಟ ಪತ್ರಿಕೆಗೆ ಪ್ರದೇಶಕ್ಕೊಂದು ಆವೃತ್ತಿಯಿತ್ತು. ಲೇಖನಗಳು ಒಂದೇ, ಚಾನೆಲ್ ಪಟ್ಟಿ ಬೇರೆ. ನೀವು ಬೆಳೆದ ಊರಿನದೇ ಬೇಕಿದ್ದರೆ ಒಳಪುಟದ ಫೋಟೊ ತರಿಸಿಕೊಂಡು ಚಾನೆಲ್ ಸಂಖ್ಯೆಗಳನ್ನು ಹೋಲಿಸಿ. ಸ್ಟೇಪಲ್ ಪಿನ್ನು ತುಕ್ಕು ಹಿಡಿದಿದ್ದರೆ ನಡುವಿನ ಹಾಳೆ ಕಿತ್ತುಬರುತ್ತದೆ, ಅದನ್ನೂ ಕೇಳಿ.