ನಗುತ್ತಲೇ ಒಪ್ಪಿಗೆ ಕೊಟ್ಟಿರುತ್ತೇವೆ: ನನ್ನ ಮೆಚ್ಚಿನ ಜಾರ್ಜ್ ಕಾರ್ಲಿನ್

ಬರೀ ನಗಿಸದೆ, ನಿಮ್ಮ ಅಭಿಪ್ರಾಯವನ್ನೇ ಅಲುಗಾಡಿಸಿದ ಸ್ಟ್ಯಾಂಡಪ್ ಹಾಸ್ಯಗಾರ ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದೀರಿ. ಇದ್ದಾನೆ. ಅಮೆರಿಕದ ಜಾರ್ಜ್ ಕಾರ್ಲಿನ್. 1937ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, 2008ರ ಜೂನ್ ತಿಂಗಳಲ್ಲಿ ತೀರಿಕೊಂಡವನು. ಅವನ ಧ್ವನಿಮುದ್ರಿಕೆಗಳನ್ನೂ ದೂರದರ್ಶನ ಕಾರ್ಯಕ್ರಮಗಳನ್ನೂ ನಾನು ಇಂದಿಗೂ ಹುಡುಕಿಕೊಂಡು ಹೋಗಿ ಕೇಳುತ್ತೇನೆ, ನೋಡುತ್ತೇನೆ.

ಅವನ ಹಾಸ್ಯ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ 1981ರ 'ಸಾಮಾನು' ಪ್ರಸಂಗ. ಕಾರ್ಲಿನ್ ಆರಂಭಿಸುವುದು ಯಾರೂ ತಕರಾರು ಮಾಡಲಾಗದ ಮಾತಿನಿಂದ: ಬದುಕಿನಲ್ಲಿ ಮನುಷ್ಯನಿಗೆ ತನ್ನ ಸಾಮಾನು ಇಡಲು ಒಂದು ಜಾಗ ಬೇಕು. ಹಾಗಾದರೆ ಮನೆ ಎಂದರೇನು? ಸಾಮಾನಿನ ರಾಶಿ, ಅದರ ಮೇಲೊಂದು ಮುಚ್ಚಳ. ಇನ್ನಷ್ಟು ಸಾಮಾನು ತರಲು ನಾವು ಹೊರಗೆ ಹೋದಾಗ ಈಗಾಗಲೇ ಇರುವುದು ಭದ್ರವಾಗಿರಲೆಂದು ಮನೆಗೆ ಬೀಗ ಹಾಕುತ್ತೇವೆ. ಸಾಮಾನು ಹೆಚ್ಚಾದರೆ ದೊಡ್ಡ ಮನೆ ಹುಡುಕುತ್ತೇವೆ. ಪ್ರವಾಸ ಹೊರಟರೆ ಅದೇ ರಾಶಿಯ ಚಿಕ್ಕದೊಂದು ಪ್ರತಿಯನ್ನು ಪೆಟ್ಟಿಗೆಗೆ ತುಂಬುತ್ತೇವೆ. ಹವಾಯಿ ತಲುಪಿದ ಮೇಲೆ ಪಕ್ಕದ ದ್ವೀಪದಲ್ಲಿರುವ ಗೆಳೆಯನ ಮನೆಗೆ ಎರಡು ದಿನ ಹೋಗಬೇಕಾಗಿ ಬಂದರೆ, ಆ ಚಿಕ್ಕ ಪ್ರತಿಯಿಂದ ಇನ್ನೂ ಚಿಕ್ಕದನ್ನು ಆರಿಸಿಕೊಳ್ಳುತ್ತೇವೆ. ಗೆಳೆಯನ ಕೋಣೆಯಲ್ಲಿ ನಮ್ಮದನ್ನು ಇಡಲು ಜಾಗವಿರುವುದಿಲ್ಲ, ಅಲ್ಲೆಲ್ಲ ಅವನ ಸಾಮಾನೇ ತುಂಬಿರುತ್ತದೆ. ನಮ್ಮದು ಸಾಮಾನು, ಅವನದು ಕಸ!

ಲೆಕ್ಕದ ಮೇಷ್ಟ್ರು ಹಲಗೆಯ ಮೇಲೆ ಒಂದೊಂದೇ ಹೆಜ್ಜೆ ಬರೆಯುತ್ತಾ 'ಸರಿಯಷ್ಟೆ?' ಎಂದು ಕೇಳುವ ಹಾಗೆ ಈ ಪ್ರಸಂಗ ಸಾಗುತ್ತದೆ. ಪ್ರತಿ ಹೆಜ್ಜೆಗೂ ನಗುತ್ತೇವೆ, ನಕ್ಕಾಗಲೆಲ್ಲ ತಲೆಯಾಡಿಸಿರುತ್ತೇವೆ. ನಾವು ಸಂಪಾದಿಸಿದ್ದನ್ನು ಕಾಯುವುದರಲ್ಲೇ ಬದುಕಿನ ಬಹುಭಾಗ ಕಳೆದುಹೋಗುತ್ತಿದೆ ಎಂಬ ಅರಿವು ಕೊನೆಗೆ ಎದುರಾದಾಗ, ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲು ದಾರಿಯಿರುವುದಿಲ್ಲ. ಸರಳವಾಗಿ ಬದುಕಿ ಎಂದು ಉಪದೇಶಿಸುವ ಭಾಷಣಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಅಡುಗೆಮನೆಯ ಅಟ್ಟದ ಮೇಲೆ ಮಿಕ್ಸಿ, ಟಿ.ವಿ.ಗಳ ಖಾಲಿ ಪೆಟ್ಟಿಗೆಗಳನ್ನು ಏಕೆ ಜೋಡಿಸಿಟ್ಟಿದ್ದೇವೆ ಎಂದು ನನ್ನನ್ನು ಕೇಳಿಸಿದ್ದು ಮಾತ್ರ ಕಾರ್ಲಿನ್.

ಎಲ್ಲವನ್ನೂ ನಾನು ಒಪ್ಪುತ್ತೇನೆ ಎಂದು ತಿಳಿಯಬೇಡಿ. 1992ರ ನ್ಯೂಯಾರ್ಕ್ ಕಾರ್ಯಕ್ರಮದಲ್ಲಿ ಅವನು ಪರಿಸರವಾದಿಗಳ ಮೇಲೆ ಹರಿಹಾಯುತ್ತಾನೆ. ಭೂಕಂಪ, ಜ್ವಾಲಾಮುಖಿ, ಖಂಡಗಳ ಚಲನೆ, ಆಕಾಶದಿಂದ ಬಿದ್ದ ಬಂಡೆಗಳು ಎಲ್ಲವನ್ನೂ ಸಹಿಸಿದ ಭೂಮಿಗೆ ನಿಮ್ಮ ಪ್ಲಾಸ್ಟಿಕ್ ಚೀಲ ಯಾವ ಲೆಕ್ಕ ಎನ್ನುವುದು ಅವನ ವಾದ. ಭೂಮಿಗೆ ಏನೂ ಆಗುವುದಿಲ್ಲ, ಹೋಗುವವರು ನಾವು. ಭೂಮಿ ನಮ್ಮನ್ನು ಹುಟ್ಟಿಸಿದ್ದೇ ಪ್ಲಾಸ್ಟಿಕ್ ಬೇಕಾಗಿದ್ದರಿಂದ ಇರಬಹುದು ಎಂದು ಸೇರಿಸುತ್ತಾನೆ. ಮೊದಲ ಸಲ ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಹಿಂದೆಯೂ ಜೀವಿಗಳು ಅಳಿದಿವೆ ಎಂಬ ಮಾತ್ರಕ್ಕೆ ಇಂದು ನಮ್ಮ ಕೈಯಿಂದ ಅಳಿಯುತ್ತಿರುವ ಜೀವಿಗಳ ಹೊಣೆ ತಪ್ಪುವುದಿಲ್ಲ. ಅಲ್ಲಿ ಅವನ ತರ್ಕ ಸೋಲುತ್ತದೆ ಎಂದೇ ಈಗಲೂ ಅನ್ನುತ್ತೇನೆ. ಆದರೆ ಅದೇ ಪ್ರಸಂಗದ ಇನ್ನೊಂದು ಮಾತು ನನ್ನೊಳಗೆ ಉಳಿಯಿತು: ಭೂಮಿಯನ್ನು ಉಳಿಸಲು ಹೊರಟವರು ನಿಜಕ್ಕೂ ಬಯಸುತ್ತಿರುವುದು ತಾವು ವಾಸಿಸುವ ಜಾಗ ಚೊಕ್ಕಟವಾಗಿರಲಿ ಎಂಬುದನ್ನು. ಅವನು ಇದನ್ನು ಆರೋಪವಾಗಿ ಹೇಳಿದ, ನಾನು ವಾಸ್ತವವೆಂದು ತೆಗೆದುಕೊಂಡೆ. 2018ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಹೊತ್ತಿಕೊಂಡಾಗ ಆ ಹೊಗೆಯನ್ನು ಉಸಿರಾಡಿದವರು ದಡದ ಮನೆಗಳವರು. ಕೆರೆಯ ವಿಷಯ ಬಂದಾಗಲೆಲ್ಲ ನಾನು ಈಗ ನಿಸರ್ಗಮಾತೆಯ ಹೆಸರೆತ್ತದೆ ನೇರವಾಗಿ ನಮ್ಮ ಮೂಗು, ನಮ್ಮ ಮಕ್ಕಳ ಶ್ವಾಸಕೋಶದ ಮಾತನ್ನೇ ಆಡುತ್ತೇನೆ.

ಮತದಾನದ ಬಗ್ಗೆಯೂ ಅವನೊಂದಿಗೆ ನನ್ನ ಜಗಳವಿದೆ. ಮತ ಹಾಕಿದವರೇ ಅಯೋಗ್ಯರನ್ನು ಆರಿಸಿದ್ದು, ಆದ್ದರಿಂದ ಮನೆಯಲ್ಲೇ ಕುಳಿತ ತನಗೆ ದೂರುವ ಪೂರ್ತಿ ಹಕ್ಕಿದೆ ಎಂದು 1996ರಲ್ಲಿ ವಾದಿಸಿದ. ಚಂದದ ವಾದ. ನಾನು ಮಾತ್ರ ಪ್ರತಿ ಚುನಾವಣೆಯಲ್ಲೂ ಮತ ಹಾಕುತ್ತೇನೆ.

ಇಷ್ಟೊಂದು ಧೈರ್ಯವಾಗಿ ಮಾತನಾಡಲು ಅವನು ತೆತ್ತ ಬೆಲೆಯನ್ನೂ ಹೇಳಬೇಕು. 1960ರ ದಶಕದಲ್ಲಿ ಕಾರ್ಲಿನ್ ಸೂಟು ಟೈ ಕಟ್ಟಿಕೊಂಡು ಟಿ.ವಿ.ಯಲ್ಲಿ ಯಾರಿಗೂ ನೋವಾಗದ ಹಾಸ್ಯ ಮಾಡುತ್ತಿದ್ದ, ಚೆನ್ನಾಗಿ ಸಂಪಾದಿಸುತ್ತಿದ್ದ. 1970ರ ಹೊತ್ತಿಗೆ ಅದನ್ನೆಲ್ಲ ಬಿಟ್ಟು, ಗಡ್ಡ ಕೂದಲು ಬೆಳೆಸಿ, ತನಗೆ ನಿಜವೆನಿಸಿದ್ದನ್ನು ಮಾತ್ರ ಹೇಳಲು ಹೊರಟ. ಟಿ.ವಿ.ಯಲ್ಲಿ ಆಡಬಾರದ ಏಳು ಪದಗಳ ಬಗೆಗಿನ ಪ್ರಸಂಗವನ್ನು 1972ರ ಜುಲೈನಲ್ಲಿ ಮಿಲ್ವಾಕಿಯ ಉತ್ಸವದಲ್ಲಿ ಪ್ರದರ್ಶಿಸಿದ್ದಕ್ಕೆ ಪೊಲೀಸರು ಬಂಧಿಸಿದರು. ಆ ಮೊಕದ್ದಮೆಯನ್ನು ನ್ಯಾಯಾಧೀಶರು ವಜಾ ಮಾಡಿದರು. ಮರುವರ್ಷ ಅದೇ ಬಗೆಯ ಪ್ರಸಂಗವನ್ನು ನ್ಯೂಯಾರ್ಕಿನ ರೇಡಿಯೊ ಕೇಂದ್ರವೊಂದು ಹಗಲಿನಲ್ಲಿ ಪ್ರಸಾರ ಮಾಡಿತು. ಮಗನ ಜೊತೆ ಕಾರಿನಲ್ಲಿ ಅದನ್ನು ಕೇಳಿದೆನೆಂದು ತಂದೆಯೊಬ್ಬ ದೂರು ಕೊಟ್ಟ. ಅದು ಸುಪ್ರೀಂ ಕೋರ್ಟ್ ವರೆಗೆ ಹೋಗಿ, 1978ರಲ್ಲಿ 5–4ರ ಬಹುಮತದಿಂದ ರೇಡಿಯೊ ಕೇಂದ್ರದ ವಿರುದ್ಧ ತೀರ್ಪು ಬಂತು. ಒಬ್ಬ ಹಾಸ್ಯಗಾರನ ಕೆಲವು ನಿಮಿಷಗಳ ಮಾತನ್ನು ಒಂದು ದೇಶದ ಅತ್ಯುನ್ನತ ನ್ಯಾಯಾಲಯ ಕುಳಿತು ತೂಗಿತು. ಒಂಬತ್ತು ನ್ಯಾಯಮೂರ್ತಿಗಳೂ ಒಮ್ಮತಕ್ಕೆ ಬರಲಾಗಲಿಲ್ಲ. ಇದನ್ನು ನೆನೆದಾಗೆಲ್ಲ ನನಗೆ ಮೈ ನವಿರೇಳುತ್ತದೆ.

ಹೈಸ್ಕೂಲನ್ನೂ ಮುಗಿಸದ ಈ ಮನುಷ್ಯ ಹೊಳೆದದ್ದನ್ನೆಲ್ಲ ಚೀಟಿಗಳಲ್ಲಿ ಬರೆದು, ವಿಷಯವಾರು ಕಡತಗಳಲ್ಲಿ ಜೋಡಿಸಿಡುತ್ತಿದ್ದ. 1977ರಿಂದ 2008ರವರೆಗೆ ಎಚ್‌ಬಿಒ ವಾಹಿನಿಗೆ 14 ಕಾರ್ಯಕ್ರಮಗಳನ್ನು ಕೊಟ್ಟ. ವೇದಿಕೆಯ ಮೇಲೆ ಆಗಷ್ಟೇ ಹೊಳೆದಂತೆ ಕಾಣುವ ಮಾತಿನ ಹಿಂದೆ ಬರಹಗಾರನ ಈ ಶ್ರಮವಿದೆ. 2024ರ ಜನವರಿಯಲ್ಲಿ ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ಅವನ ದನಿಯನ್ನು ಅನುಕರಿಸಿದ ಒಂದು ಗಂಟೆಯ ಕಾರ್ಯಕ್ರಮವನ್ನು ಯಾರೋ ಅಂತರಜಾಲಕ್ಕೆ ಬಿಟ್ಟರು. ಅವನ ವಾರಸುದಾರರು ಮೊಕದ್ದಮೆ ಹೂಡಿದ ಮೇಲೆ ಅದನ್ನು ತೆಗೆದುಹಾಕಿದರು. ಅವರು ಮಾಡಿದ್ದು ಸರಿ. ಸತ್ತವನ ಬಾಯಲ್ಲಿ ಅವನು ಯೋಚಿಸದ ಮಾತನ್ನಿಡುವುದು ಅನ್ಯಾಯ. ತನ್ನ ಮಾತು ತನ್ನದೇ ಆಗಿರಬೇಕೆಂದು ಸಂಪಾದನೆಯನ್ನೇ ಬಿಟ್ಟು ಬಂದವನ ವಿಷಯದಲ್ಲಂತೂ ಅದು ಇನ್ನೂ ದೊಡ್ಡ ಅನ್ಯಾಯ.

ನೀವು ಹೊಸದಾಗಿ ನೋಡುವುದಾದರೆ 'ಸಾಮಾನು' ಪ್ರಸಂಗದಿಂದ ಶುರು ಮಾಡಿ, ಆಮೇಲೆ 1992ರ ನ್ಯೂಯಾರ್ಕ್ ಕಾರ್ಯಕ್ರಮಕ್ಕೆ ಬನ್ನಿ. ಬೈಗುಳ ಧಾರಾಳವಾಗಿವೆ, ದೇವರು ಧರ್ಮದ ಬಗ್ಗೆ ಮುಲಾಜಿಲ್ಲದ ಮಾತುಗಳಿವೆ; ಮಕ್ಕಳು ಮಲಗಿದ ಮೇಲೆ ನೋಡಿ. ಕೊನೆಯ ವರ್ಷಗಳ ಕಾರ್ಯಕ್ರಮಗಳಲ್ಲಿ ಕಹಿ ಹೆಚ್ಚು, ಅವನ್ನು ಕಡೆಗೆ ಇಟ್ಟುಕೊಳ್ಳಿ. ಯಾವ ಪ್ರಸಂಗ ನಿಮ್ಮನ್ನು ಕೆರಳಿಸಿತು ಎಂಬುದನ್ನು ಇಲ್ಲಿ ಬರೆದರೆ ಖಂಡಿತ ಓದುತ್ತೇನೆ.