ಮಂಜೂಷ ಎಲ್ಲಿದೆ ಎಂದು ಕೇಳುವ ಮೊದಲು: ಒಬ್ಬ ಲೇಖಕರಿಗೆ ಸಂಪಾದಕರ ಉತ್ತರ

ಮಾನ್ಯರೆ,

ನೀವು ಕಳುಹಿಸಿದ ‘ಕಳೆದುಹೋದ ಮಂಜೂಷ, ಉಳಿದ ಪ್ರಶ್ನೆಗಳು’ ಎಂಬ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಸ್ಥಳಾವಕಾಶವಿಲ್ಲವೆಂಬ ಎರಡು ಸಾಲಿನ ಒಕ್ಕಣೆಯೊಂದಿಗೆ ಹಿಂತಿರುಗಿಸಿ ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ, ಏಕೆಂದರೆ ನಿಮ್ಮ ಏಳನೆಯ ಪುಟದಲ್ಲಿ ನಾನು ಬಹುಕಾಲದಿಂದ ಯಾವ ಹಸ್ತಪ್ರತಿಯಲ್ಲೂ ಕಾಣದಂಥ ಒಂದು ಪ್ಯಾರಾ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಹನ್ನೊಂದು ಪುಟಗಳಲ್ಲಿ ನೀವು ಒಡಂಬಡಿಕೆಯ ಮಂಜೂಷ (ಹತ್ತು ಆಜ್ಞೆಗಳ ಹಲಗೆಗಳನ್ನಿಟ್ಟಿದ್ದ ಯೆಹೂದಿಗಳ ಪವಿತ್ರ ಪೆಟ್ಟಿಗೆ), ಕೆಂಪು ಕಡಸಿನ ಬೂದಿ, ದೇವರ ಚಿತ್ತ ತಿಳಿಯಲು ಮಹಾಯಾಜಕ ಬಳಸುತ್ತಿದ್ದ ಊರೀಮ್ ತುಮ್ಮೀಮ್, ಉಡುಪಿನ ಅಂಚಿನ ನೀಲಿ ದಾರ ಇವೆಲ್ಲವನ್ನೂ ಪ್ರಸ್ತಾಪಿಸಿದ್ದೀರಿ, ಮತ್ತು ಪ್ರತಿಯೊಂದರ ಮುಂದೆಯೂ ಒಂದೆರಡು ಪ್ರಶ್ನೆಗಳನ್ನು ಇಟ್ಟು ಮುಂದಕ್ಕೆ ಹೋಗಿದ್ದೀರಿ. ನಾನು ಪೆನ್ಸಿಲ್ ಹಿಡಿದು ಎಣಿಸಿದೆ: ನಲವತ್ತೊಂದು ಪ್ರಶ್ನಾರ್ಥಕ ಚಿಹ್ನೆಗಳಿವೆ, ಅವುಗಳಲ್ಲಿ ಮುಕ್ಕಾಲು ಪಾಲು ‘ಇರಬಹುದೇ?’ ಎಂದು ಮುಗಿಯುತ್ತವೆ. ಪ್ರಶ್ನೆ ಕೇಳುವುದು ತಪ್ಪಲ್ಲ; ಯೆಹೂದಿ ಗುರುಗಳ ವಾದ, ವ್ಯಾಖ್ಯಾನಗಳ ಸಂಗ್ರಹವಾದ ತಾಲ್ಮೂದ್ ಎಂಬ ಮಹಾಸಾಗರ ನಿಂತಿರುವುದೇ ಪ್ರಶ್ನೆಗಳ ಮೇಲೆ. ಆದರೆ ಅಲ್ಲಿ ಪ್ರಶ್ನೆ ಕೇಳಿದವನು ಉತ್ತರಕ್ಕಾಗಿ ಕಾಯುತ್ತಾನೆ, ಬಂದ ಉತ್ತರವನ್ನು ಇನ್ನೊಬ್ಬ ಮುರಿಯುತ್ತಾನೆ, ಮುರಿದದ್ದಕ್ಕೆ ಮೂರನೆಯವನು ಆಧಾರ ಕೇಳುತ್ತಾನೆ. ನಿಮ್ಮ ಪ್ರಶ್ನೆಗಳು ಹಬ್ಬದ ರಾತ್ರಿಯ ಪಟಾಕಿಯಂತೆ ಒಮ್ಮೆ ಹೊಳೆದು ಆರಿಹೋಗುತ್ತವೆ.

ನಿಮ್ಮ ಮೊದಲ ವಾಕ್ಯವನ್ನೇ ತೆಗೆದುಕೊಳ್ಳೋಣ: ‘ಯಾವುದೋ ಗುಹೆಯ ಕತ್ತಲಲ್ಲಿ ಆ ಚಿನ್ನದ ಪೆಟ್ಟಿಗೆ ಇಂದಿಗೂ ಮಿನುಗುತ್ತಿರಬಹುದೇ?’ ಬೈಬಲಿನ ವಿಮೋಚನಕಾಂಡದ ಇಪ್ಪತ್ತೈದನೆಯ ಅಧ್ಯಾಯದ ಪ್ರಕಾರ ಅದು ಚಿನ್ನದ ಪೆಟ್ಟಿಗೆಯಲ್ಲ. ಜಾಲೀಮರದಿಂದ ಮಾಡಿ ಒಳಗೂ ಹೊರಗೂ ಚಿನ್ನದ ತಗಡು ಹೊದಿಸಿದ ಪೆಟ್ಟಿಗೆ ಅದು. ಎರಡೂವರೆ ಮೊಳ ಉದ್ದ, ಒಂದೂವರೆ ಮೊಳ ಅಗಲ, ಅಷ್ಟೇ ಎತ್ತರ. ಅಂದರೆ ನಮ್ಮ ಹಳೆಯ ಮನೆಗಳ ಮೂಲೆಯಲ್ಲಿರುತ್ತಿದ್ದ ಸಂದೂಕಕ್ಕಿಂತ ಬಹಳ ದೊಡ್ಡದೇನಲ್ಲ. ಅಳತೆಯನ್ನು ಹೇಳಿದ ಕೂಡಲೇ ಓದುಗನ ಕಣ್ಣಿಗೆ ಒಂದು ವಸ್ತು ಕಾಣುತ್ತದೆ. ‘ಮಿನುಗು’ ಎಂದಾಗ ಕಾಣುವುದು ಸಿನಿಮಾ ಪೋಸ್ಟರ್ ಮಾತ್ರ.

ಮೂರನೆಯ ಪುಟದ ದೋಷ ಇದಕ್ಕಿಂತ ಗಂಭೀರವಾದದ್ದು. ‘ಯೆಹೂದಿ ಧರ್ಮಗ್ರಂಥದ ಪ್ರಕಾರ’ ಮಂಜೂಷದೊಳಗೆ ಹತ್ತು ಆಜ್ಞೆಗಳ ಕಲ್ಲಿನ ಹಲಗೆಗಳ ಜೊತೆಗೆ ಮನ್ನ (ಮರುಭೂಮಿಯಲ್ಲಿ ಆಕಾಶದಿಂದ ಬಿದ್ದ ಆಹಾರ) ತುಂಬಿದ ಚಿನ್ನದ ಪಾತ್ರೆಯೂ ಮೊದಲ ಮಹಾಯಾಜಕ ಆರೋನನ ಚಿಗುರಿದ ಕೋಲೂ ಇದ್ದವು ಎಂದು ಬರೆದಿದ್ದೀರಿ. ಹಾಗೆ ಹೇಳುವುದು ಇಬ್ರಿಯರಿಗೆ ಬರೆದ ಪತ್ರಿಕೆ. ಅದು ಕ್ರೈಸ್ತರ ಹೊಸ ಒಡಂಬಡಿಕೆಗೆ ಸೇರಿದ್ದು. ಅರಸುಗಳ ಮೊದಲನೆಯ ಗ್ರಂಥದ ಎಂಟನೆಯ ಅಧ್ಯಾಯವಾದರೋ ಮಂಜೂಷದಲ್ಲಿ ಆ ಎರಡು ಕಲ್ಲಿನ ಹಲಗೆಗಳ ಹೊರತು ಬೇರೇನೂ ಇರಲಿಲ್ಲವೆಂದು ಸ್ಪಷ್ಟವಾಗಿ ಹೇಳುತ್ತದೆ. ಪ್ರವಾದಿ ಮೋಶೆ ಒಡೆದುಹಾಕಿದ ಮೊದಲ ಹಲಗೆಗಳ ಚೂರುಗಳೂ ಅದರೊಳಗೇ ಇದ್ದವು ಎಂಬ ಮಾತು ತಾಲ್ಮೂದಿನ ಬಾವಾ ಬತ್ರಾ ಭಾಗದಲ್ಲಿ ಬರುತ್ತದೆ. ಒಡೆದುಹೋದದ್ದನ್ನೂ ಇಡಿಯಾದದ್ದರ ಪಕ್ಕದಲ್ಲೇ ಕಾಪಾಡಿಕೊಂಡರೆಂಬ ಈ ಕಲ್ಪನೆ ನಿಮ್ಮ ವಿಷಯಕ್ಕೆ ಎಷ್ಟು ಹತ್ತಿರದ್ದು ಎಂಬುದನ್ನು ಗಮನಿಸಿ. ನೀವು ಅದನ್ನು ಬಿಟ್ಟು ಚಿನ್ನದ ಪಾತ್ರೆಯ ಹಿಂದೆ ಹೋದಿರಿ.

ಹೀಗೆಯೇ, ಪ್ರವಾದಿ ಯೆರೆಮೀಯನು ಮಂಜೂಷವನ್ನು ಬೆಟ್ಟದ ಗುಹೆಯಲ್ಲಿ ಅಡಗಿಸಿಟ್ಟನೆಂಬ ಕಥೆ ಮಕ್ಕಬಿಯರ ಎರಡನೆಯ ಗ್ರಂಥದ್ದು, ಅದು ಯೆಹೂದಿ ಧರ್ಮಗ್ರಂಥಗಳ ಪಟ್ಟಿಯಲ್ಲೇ ಇಲ್ಲ. ಮಂಜೂಷ ಅಕ್ಸುಮ್ ನಗರದ ಚರ್ಚಿನಲ್ಲಿದೆ ಎನ್ನುವುದು ಇಥಿಯೋಪಿಯದ ಕ್ರೈಸ್ತರ ನಂಬಿಕೆ. ಈ ಮೂರು ನಾಲ್ಕು ಪರಂಪರೆಗಳ ಮಾತುಗಳನ್ನು ‘ಹೇಳಲಾಗುತ್ತದೆ’ ಎಂಬ ಒಂದೇ ದಾರದಲ್ಲಿ ಪೋಣಿಸಿದ್ದೀರಿ. ಯಾರು ಹೇಳುತ್ತಾರೆ? ಹತ್ತನೆಯ ಶತಮಾನದ ಕನ್ನಡ ಕವಿಯೊಬ್ಬ ತಾನೇ ಸೇರಿಸಿದ ಪ್ರಸಂಗವನ್ನು ಯಾರಾದರೂ ವ್ಯಾಸರ ತಲೆಗೆ ಕಟ್ಟಿದರೆ ನೀವು ಸುಮ್ಮನಿರುತ್ತೀರಾ? ಪರರ ಗ್ರಂಥದ ವಿಷಯದಲ್ಲಿಯೂ ನಮಗೆ ಅದೇ ಮರ್ಯಾದೆ ಇರಬೇಕು.

ಈಗ ಏಳನೆಯ ಪುಟ. ಮಂಜೂಷವನ್ನು ಹೊರುವ ಕೋಲುಗಳನ್ನು ಬಳೆಗಳಿಂದ ಎಂದಿಗೂ ತೆಗೆಯಬಾರದು ಎಂಬ ವಿಮೋಚನಕಾಂಡದ ವಿಧಿಯನ್ನು ಉಲ್ಲೇಖಿಸಿ ನೀವು ಹೀಗೆ ಬರೆದಿದ್ದೀರಿ: ‘ಗುಡಾರದಿಂದ ಗುಡಾರಕ್ಕೆ ಹೊತ್ತು ತಿರುಗುವಾಗ ಕೋಲು ಬೇಕು, ಸರಿ, ಸೊಲೊಮೋನನ ಕಲ್ಲಿನ ದೇವಾಲಯದಲ್ಲಿ ಶಾಶ್ವತವಾಗಿ ಇಳಿಸಿದ ಮೇಲೂ ಕೋಲು ಯಾಕೆ ಬೇಕು? ಇಳಿಸಿದವರಿಗೇ ಅದು ಶಾಶ್ವತವೆಂಬ ನಂಬಿಕೆ ಇರಲಿಲ್ಲವೇನೋ.’ ನಲವತ್ತೊಂದರಲ್ಲಿ ಇದೊಂದು ನಿಜವಾದ ಪ್ರಶ್ನೆ, ಏಕೆಂದರೆ ಇದು ಒಂದು ಕಟ್ಟಳೆಯ ಅಕ್ಷರವನ್ನು ಹಿಡಿದು ಹುಟ್ಟಿದೆ. ಇಲ್ಲಿಂದ ಒಂದೇ ಹೆಜ್ಜೆ ಮುಂದಿಟ್ಟಿದ್ದರೆ ಅರಸುಗಳ ಗ್ರಂಥದ ಅದೇ ಎಂಟನೆಯ ಅಧ್ಯಾಯ ನಿಮಗೆ ಸಿಗುತ್ತಿತ್ತು: ಕೋಲುಗಳು ಉದ್ದವಾಗಿದ್ದುದರಿಂದ ಅವುಗಳ ತುದಿಗಳು ಮಹಾಪವಿತ್ರಸ್ಥಾನದ ಮುಂದಿನ ಪವಿತ್ರಸ್ಥಾನದಿಂದ ಕಾಣುತ್ತಿದ್ದವು, ಹೊರಗಿನಿಂದ ಕಾಣುತ್ತಿರಲಿಲ್ಲ, ‘ಅವು ಇಂದಿನ ವರೆಗೂ ಅಲ್ಲಿವೆ’. ಆದರೆ ಅರಸುಗಳ ಚರಿತ್ರೆ ಮುಗಿಯುವ ಹೊತ್ತಿಗೆ ದೇವಾಲಯವೇ ಸುಟ್ಟುಹೋಗಿರುತ್ತದೆ! ಹಾಗಾದರೆ ಯಾವ ‘ಇಂದು’? ಹಳೆಯ ದಾಖಲೆಯೊಂದರ ಸಾಲನ್ನು ಸಂಪಾದಕನೊಬ್ಬ ತಿದ್ದದೆ ಹಾಗೆಯೇ ಉಳಿಸಿದನೆಂದು ವಿದ್ವಾಂಸರು ಹೇಳಬಹುದು (ಸಂಪಾದಕರು ಹಾಗೆ ಮಾಡುವುದುಂಟು, ನನ್ನನ್ನೇ ಕೇಳಿ). ತಾಲ್ಮೂದಿನ ಯೋಮಾ ಭಾಗದಲ್ಲಾದರೋ ಇದೇ ಮಾತನ್ನು ಹಿಡಿದು, ಮಂಜೂಷ ಎಲ್ಲಿಗೂ ಹೋಗಿಲ್ಲ, ಇದ್ದಲ್ಲಿಯೇ ನೆಲದಡಿಯಲ್ಲಿ ಹುದುಗಿದೆ ಎಂದು ವಾದಿಸಿದ ಗುರುವಿದ್ದಾನೆ; ಅದು ಬಾಬೆಲಿಗೆ (ಬಾಬಿಲೋನಿಗೆ) ಸೆರೆಹೋಯಿತು ಎಂದು ಬೇರೊಂದು ವಚನ ತೋರಿಸಿ ಎದುರಾಡಿದವರೂ ಇದ್ದಾರೆ.

ಮಂಜೂಷ ಯಾವಾಗ ಕಾಣೆಯಾಯಿತೆಂದು ಗ್ರಂಥ ಹೇಳುವುದೇ ಇಲ್ಲ, ಮತ್ತು ಆ ಮೌನವನ್ನು ನೀವು ಬಳಸಿಕೊಳ್ಳಲಿಲ್ಲ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನ ಅರಸ ನೆಬೂಕದ್ನೆಚ್ಚರನ ಸೈನ್ಯ ಯೆರೂಸಲೇಮನ್ನು ಕೊಳ್ಳೆಹೊಡೆದಾಗ ಏನೇನು ಹೋಯಿತೆಂಬ ಪಟ್ಟಿ ಅರಸುಗಳ ಎರಡನೆಯ ಗ್ರಂಥದ ಕೊನೆಯಲ್ಲಿದೆ. ಹದಿನೆಂಟು ಮೊಳದ ತಾಮ್ರದ ಕಂಬಗಳಿಂದ ಹಿಡಿದು ಹಂಡೆ, ಸಲಿಕೆ, ದೀಪದ ಕುಡಿ ಕತ್ತರಿಸುವ ಕತ್ತರಿಯವರೆಗೆ ಎಲ್ಲವನ್ನೂ ಜಪ್ತಿ ಮಾಡುವ ಅಮೀನನಂತೆ ಬರೆದುಕೊಂಡಿದ್ದಾರೆ. ಮಂಜೂಷದ ಹೆಸರು ಮಾತ್ರ ಇಲ್ಲ. ಬಾಬೆಲಿನಿಂದ ಹಿಂದಿರುಗಿದ ಪಾತ್ರೆಗಳು ಒಟ್ಟು 5,400 ಎಂದು ಎಜ್ರನ ಗ್ರಂಥ ಲೆಕ್ಕ ಕೊಡುತ್ತದೆ, ಅಲ್ಲಿಯೂ ಇಲ್ಲ. ಕತ್ತರಿಯನ್ನು ಮರೆಯದವರು ಇದನ್ನು ಹೇಗೆ ಮರೆತರು ಎಂದು ಒಂದು ಸಾಲು ಬರೆದಿದ್ದರೆ ನಿಮ್ಮ ಗುಹೆಯ ವರ್ಣನೆಯ ಎರಡು ಪುಟಗಳು ಬೇಕಾಗುತ್ತಿರಲಿಲ್ಲ.

ನನ್ನ ಮುಖ್ಯ ಆಕ್ಷೇಪ ಇದು: ನೀವು ಹನ್ನೊಂದು ಪುಟಗಳಲ್ಲೂ ‘ಎಲ್ಲಿದೆ?’ ಎಂದು ಕೇಳುತ್ತೀರಿ. ಆ ಗ್ರಂಥಗಳ ಒಡೆಯರು ಹೆಚ್ಚಾಗಿ ಕೇಳಿದ್ದು ‘ಅದು ಇಲ್ಲದಿರುವಾಗ ನಾವೇನು ಮಾಡಬೇಕು?’ ಎಂದು. ಬಾಬೆಲಿನಿಂದ ಮರಳಿದವರು ಕಟ್ಟಿದ ಎರಡನೆಯ ದೇವಾಲಯದ ಮಹಾಪವಿತ್ರಸ್ಥಾನದಲ್ಲಿ ಮಂಜೂಷವಿರಲಿಲ್ಲ. ನೆಲದಿಂದ ಮೂರು ಬೆರಳಷ್ಟು ಎತ್ತರದ ಒಂದು ಕಲ್ಲಿತ್ತು, ಪ್ರಾಯಶ್ಚಿತ್ತದ ದಿನ ಮಹಾಯಾಜಕ ಕೆಂಡದ ಪಾತ್ರೆಯನ್ನು ಅದರ ಮೇಲೆ ಇಡುತ್ತಿದ್ದ ಎಂದು ತಾಲ್ಮೂದಿಗೆ ಬುನಾದಿಯಾದ ವಿಧಿಸಂಗ್ರಹ ಮಿಷ್ನಾ ಹೇಳುತ್ತದೆ. ವಸ್ತು ಹೋದರೂ ವಿಧಿ ನಿಲ್ಲಲಿಲ್ಲ. ಅದೇ ಮಿಷ್ನಾದ ಶೆಕಾಲಿಮ್ ಭಾಗದಲ್ಲಿ ಇನ್ನೊಂದು ಪ್ರಸಂಗವಿದೆ. ದೇವಾಲಯದಲ್ಲಿ ಹದಿಮೂರು ಕಡೆ ಅಡ್ಡಬೀಳುವ ಪದ್ಧತಿ. ರಬ್ಬಾನ್ (ಗುರು) ಗಮಲಿಯೇಲರ ಮನೆಯವರು ಮತ್ತು ಉಪಮಹಾಯಾಜಕ ಹನನ್ಯರ ಮನೆಯವರು ಮಾತ್ರ ಹದಿನಾಲ್ಕನೆಯ ಸಲ, ಸೌದೆಯ ಕೊಠಡಿಯ ಕಡೆಗೆ ತಿರುಗಿ ಅಡ್ಡಬೀಳುತ್ತಿದ್ದರು, ಏಕೆಂದರೆ ಮಂಜೂಷ ಅಲ್ಲಿ ಹುದುಗಿದೆ ಎಂಬ ಮಾತು ಅವರಿಗೆ ಹಿರಿಯರಿಂದ ಬಂದಿತ್ತು. ಒಮ್ಮೆ ಯಾಜಕನೊಬ್ಬ ಅಲ್ಲಿ ಕೆಲಸದಲ್ಲಿದ್ದಾಗ ನೆಲಹಾಸಿನ ಒಂದು ಕಲ್ಲು ಉಳಿದವುಗಳಿಗಿಂತ ಬೇರೆಯಾಗಿರುವುದನ್ನು ಕಂಡ. ಜೊತೆಗಾರನಿಗೆ ಹೇಳಲು ಬಂದ. ಮಾತು ಮುಗಿಯುವ ಮೊದಲೇ ಅವನ ಪ್ರಾಣ ಹೋಯಿತು. ಅಷ್ಟೇ ಕಥೆ. ಯಾರೂ ಆ ಕಲ್ಲನ್ನು ಎಬ್ಬಿಸಲಿಲ್ಲ. ನಿಮ್ಮ ಲೇಖನ ಗುಹೆಯಿಂದಲ್ಲ, ಈ ಸೌದೆಯ ಕೊಠಡಿಯಿಂದ ಆರಂಭವಾಗಬೇಕಿತ್ತು.

ಕೆಂಪು ಕಡಸಿನ ಭಾಗದಲ್ಲಿ ಅರ್ಧ ಕಥೆ ಹೇಳಿ ನಿಲ್ಲಿಸಿದ್ದೀರಿ. ಹೆಣ ಮುಟ್ಟಿದವನನ್ನು ಶುದ್ಧಗೊಳಿಸುವ ಬೂದಿ, ಅದನ್ನು ಸಿದ್ಧಪಡಿಸಿದವನನ್ನೇ ಅಶುದ್ಧಗೊಳಿಸುತ್ತದೆ ಎಂಬ ಅರಣ್ಯಕಾಂಡದ ವಿಚಿತ್ರ ವಿಧಿಯನ್ನು ನೋಡಿ, ಇದು ಮಾಟದಂತಿದೆಯಲ್ಲ ಎಂದು ಅನ್ಯಧರ್ಮೀಯನೊಬ್ಬ ರಬ್ಬಾನ್ ಯೋಹಾನಾನ್ ಬೆನ್ ಜಕ್ಕಾಯ್ ಅವರನ್ನು ಕೇಳಿದ, ದೆವ್ವ ಬಿಡಿಸುವ ನಿಮ್ಮ ಪದ್ಧತಿಯಂತೆಯೇ ಇದೂ ಎಂದು ಅವರು ಉತ್ತರಿಸಿದರು ಎಂಬಲ್ಲಿಗೆ ನಿಮ್ಮ ಪ್ಯಾರಾ ಮುಗಿಯುತ್ತದೆ. ಮುಂದೇನಾಯಿತು? ಅವನು ಹೋದ ಮೇಲೆ ಶಿಷ್ಯರು, ‘ಅವನನ್ನು ಜೊಂಡಿನ ಕಡ್ಡಿಯಿಂದ ತಳ್ಳಿಬಿಟ್ಟಿರಿ, ನಮಗೇನು ಹೇಳುತ್ತೀರಿ?’ ಎಂದು ಹಿಡಿದರು. ಹೆಣ ಅಶುದ್ಧಗೊಳಿಸುವುದೂ ಇಲ್ಲ, ಬೂದಿ ಬೆರೆಸಿದ ನೀರು ಶುದ್ಧಗೊಳಿಸುವುದೂ ಇಲ್ಲ, ಇದು ರಾಜಾಧಿರಾಜನ ಕಟ್ಟಳೆ ಎಂಬುದು ಗುರುವಿನ ನಿಜವಾದ ಉತ್ತರ. ಆ ಎರಡನೆಯ ಉತ್ತರವನ್ನು ಬಿಟ್ಟರೆ ಇಡೀ ಪ್ರಸಂಗ ತಲೆಕೆಳಗಾಗುತ್ತದೆ. 2022ರಲ್ಲಿ ಟೆಕ್ಸಾಸ್‌ನಿಂದ ಐದು ಕಡಸುಗಳನ್ನು ಇಸ್ರೇಲಿಗೆ ತಂದ ಸುದ್ದಿಯನ್ನು ನೀವು ಕೊನೆಗೆ ಅಂಟಿಸಿದ್ದೀರಿ. ತೆಗೆದುಹಾಕಿ, ಅದು ಬೇರೆಯೇ ಲೇಖನ.

ನೀಲಿ ದಾರಕ್ಕೆ ನೀವು ಕೊಟ್ಟದ್ದು ಮೂರು ಸಾಲು; ನನ್ನ ದೃಷ್ಟಿಯಲ್ಲಿ ಇಡೀ ಲೇಖನ ನಿಲ್ಲಬೇಕಾದದ್ದು ಅದರ ಮೇಲೆಯೇ. ಉಡುಪಿನ ಮೂಲೆಯ ಗೊಂಡೆಯಲ್ಲಿ ತೆಖೇಲೆತ್ ಎಂಬ ನೀಲಿ ದಾರವಿರಬೇಕೆಂಬುದು ಅರಣ್ಯಕಾಂಡದ ಆಜ್ಞೆ. ಹಿಲಾಜೋನ್ ಎಂಬ ಕಡಲ ಜೀವಿಯಿಂದ ತೆಗೆಯುತ್ತಿದ್ದ ಆ ಬಣ್ಣದ ತಿಳಿವಳಿಕೆ ಮಧ್ಯಯುಗದ ಆರಂಭದ ಹೊತ್ತಿಗೆ ಕಳೆದುಹೋಯಿತು. ಆದರೆ ನೀಲಿ ಇಲ್ಲದಿದ್ದರೆ ಬಿಳಿಗೆ ಅಡ್ಡಿಯಿಲ್ಲ ಎಂದು ಮಿಷ್ನಾ ಮೊದಲೇ ಹೇಳಿಟ್ಟಿದ್ದುದರಿಂದ ಶತಮಾನಗಳ ಕಾಲ ಜನ ಬರೀ ಬಿಳಿಯ ದಾರ ಕಟ್ಟಿಕೊಂಡೇ ಆ ಆಜ್ಞೆಯನ್ನು ನಡೆಸಿಕೊಂಡು ಬಂದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೋಲೆಂಡಿನ ರಾಜಿನ್ ಪಟ್ಟಣದ ಗುರುವೊಬ್ಬರು ಕಟಲ್‌ಮೀನಿನ ಮಸಿಯಿಂದ ಆ ಬಣ್ಣವನ್ನು ಮರಳಿ ಪಡೆದೆನೆಂದರು. 1913ರಲ್ಲಿ ಲಂಡನ್ನಿನಲ್ಲಿ ಈ ವಿಷಯದ ಮೇಲೆ ಪ್ರಬಂಧ ಬರೆದ ಐಸಾಕ್ ಹೆರ್ಜೋಗ್ ಅದನ್ನು ರಸಾಯನಜ್ಞರಿಂದ ಪರೀಕ್ಷೆ ಮಾಡಿಸಿದಾಗ ಅದು ಪ್ರಷ್ಯನ್ ನೀಲಿ ಎಂಬ ಕೃತಕ ಬಣ್ಣ ಎಂದು ತಿಳಿಯಿತು. ಬಣ್ಣ ಬಂದದ್ದು ಮೀನಿನಿಂದಲ್ಲ, ಜೊತೆಗೆ ಹಾಕಿದ ಕಬ್ಬಿಣದ ಪುಡಿ ಮತ್ತು ರಾಸಾಯನಿಕಗಳಿಂದ. ಹಿಲಾಜೋನ್ ಇದೇ ಇರಬಹುದೆಂದು ಮ್ಯೂರೆಕ್ಸ್ ಎಂಬ ಕಡಲ ಬಸವನಹುಳುವಿನ ಮೇಲೆ ಹೆರ್ಜೋಗ್ ಅವರ ಕಣ್ಣಿತ್ತು, ಆದರೆ ಅದರ ಬಣ್ಣ ನೇರಳೆಗೆ ತಿರುಗುತ್ತಿದ್ದುದರಿಂದ ಅವರಿಗೆ ಧೈರ್ಯ ಬರಲಿಲ್ಲ. 1980ರ ದಶಕದಲ್ಲಿ ಇಸ್ರೇಲಿನ ಶೆಂಕರ್ ಕಾಲೇಜಿನ ಓಟೊ ಎಲ್ಸ್ನರ್, ಬಣ್ಣದ ದ್ರಾವಣವನ್ನು ಬಿಸಿಲಿಗೆ ಒಡ್ಡಿದರೆ ನೇರಳೆ ಹೋಗಿ ಅಚ್ಚ ನೀಲಿ ಬರುವುದನ್ನು ಕಂಡರು. ಬೇಕಿದ್ದದ್ದು ಬಿಸಿಲು ಮಾತ್ರ.

ಕಟ್ಟಳೆಯೂ ಕಳೆದ ವಸ್ತುವೂ ಒಂದೇ ದಾರದಲ್ಲಿ ಸೇರುವುದು ಇಲ್ಲಿ. ಹಾಗೆ ಬಂದ ನೀಲಿಯ ಮುಖ್ಯ ಅಣು, ಗಿಡದಿಂದ ತೆಗೆಯುವ ಇಂಡಿಗೋ ನೀಲಿಯದೇ. ‘ಇಂಡಿಗೋ’ ಎಂಬ ಹೆಸರಿನಲ್ಲೇ ಭಾರತವಿದೆ, ಆದ್ದರಿಂದ ನಮ್ಮ ಓದುಗರಿಗೆ ಅದನ್ನು ಪರಿಚಯಿಸಬೇಕಾಗಿಲ್ಲ. ತಾಲ್ಮೂದಿನಲ್ಲಿ ‘ಕಲಾ ಇಲಾನ್’ ಎಂದು ಕರೆದದ್ದು ಈ ಗಿಡದ ನೀಲಿಯನ್ನೇ ಎಂದು ತಿಳಿಯಲಾಗಿದೆ. ಅದನ್ನು ಬಟ್ಟೆಗೆ ಕಟ್ಟಿ ‘ಇದು ತೆಖೇಲೆತ್’ ಎನ್ನುವವನನ್ನು ದೇವರೇ ವಿಚಾರಿಸಿಕೊಳ್ಳುತ್ತಾನೆ ಎಂಬ ಮಾತು ಬಾವಾ ಮೆಸಿಯಾದಲ್ಲಿದೆ. ಕಣ್ಣಿಗೆ ಎರಡೂ ಒಂದೇ. ಹಾಗಾದರೆ ಪವಿತ್ರತೆ ಬಣ್ಣದಲ್ಲಿದೆಯೋ, ಅದು ಬಂದ ಮೂಲದಲ್ಲಿದೆಯೋ, ಕಟ್ಟಿಕೊಂಡವನ ಬಾಯಿಯ ಮಾತಿನಲ್ಲಿದೆಯೋ? ಈ ಒಂದು ಪ್ರಶ್ನೆಯನ್ನು ಇಟ್ಟುಕೊಂಡು ಉಳಿದ ನಲವತ್ತನ್ನು ಬಿಟ್ಟುಬಿಡಿ.

ಪದಗಳ ಬಗ್ಗೆ ಚಿಕ್ಕ ಮಾತು. ‘ಪವಿತ್ರ ಅವಶೇಷ’ ಎಂದಾಗ ನಮ್ಮ ಓದುಗನಿಗೆ ನೆನಪಾಗುವುದು ಸ್ತೂಪದೊಳಗಿನ ಅಸ್ಥಿ. ಮಂಜೂಷ ಅಂಥದ್ದಲ್ಲ, ‘ಪರಿಕರ’ ಎಂದರೆ ಸಾಕು. ‘ಕಾನೂನು’ ಎಂಬ ಒಂದೇ ಪದದಿಂದ ಎಲ್ಲವನ್ನೂ ಹೇಳಬೇಡಿ: ಕಾರಣ ಹೊಳೆಯದ ಹೋಕ್‌ಗೆ ‘ಕಟ್ಟಳೆ’, ಬುದ್ಧಿಗೆ ನಿಲುಕುವ ಮಿಷ್ಪಾತ್‌ಗೆ ‘ನ್ಯಾಯವಿಧಿ’ ಎಂದು ಬಳಸಿದರೆ ಕೆಂಪು ಕಡಸಿನ ಪ್ರಸಂಗ ತಾನೇ ತಿಳಿಯಾಗುತ್ತದೆ. ಊರೀಮ್ ತುಮ್ಮೀಮ್ ಭಾಗದಲ್ಲಿ ಹೊಸದೇನೂ ಇಲ್ಲ, ಕೈಬಿಡಿ.

ಹಸ್ತಪ್ರತಿಯನ್ನು ಅಂಚಿನ ಗುರುತುಗಳೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಎರಡು ಸಾವಿರ ಪದಗಳೊಳಗೆ ಮತ್ತೆ ಬರೆದು ಕಳುಹಿಸಿದರೆ ನಾನೇ ಓದುತ್ತೇನೆ, ಪ್ರಕಟಿಸುತ್ತೇನೆಂಬ ಮಾತು ಮಾತ್ರ ಈಗ ಕೊಡಲಾರೆ. ಪೆನ್ಸಿಲ್ ಬಹಳ ಕಡೆ ಒರಟಾಗಿ ಓಡಿದೆ, ಬೇಸರಿಸಬೇಡಿ. ಏಳನೆಯ ಪುಟದ ಕೋಲುಗಳ ಪ್ಯಾರಾದಲ್ಲಿ ನಾನು ಒಂದು ಅಲ್ಪವಿರಾಮವನ್ನೂ ಮುಟ್ಟಿಲ್ಲ, ನೀವೂ ಮುಟ್ಟಬೇಡಿ.

ವಿಶ್ವಾಸದಿಂದ,
ಸಂಪಾದಕ