ವಿಜಯಪುರದಲ್ಲಿದ್ದುಕೊಂಡು ಕಡಲ ಜೀವಶಾಸ್ತ್ರಕ್ಕೆ ಹೋಗಬಹುದೇ? ಡೈವಿಂಗ್ ಮೊದಲೋ, ಓದು ಮೊದಲೋ?

"ವಿಜಯಪುರದಾಗ ಬಿಎಸ್ಸಿ ಪ್ರಾಣಿಶಾಸ್ತ್ರ ಓದಾಕತ್ತೀನ್ರಿ, ಹವಳದ ಮ್ಯಾಲೆ ಕೆಲಸ ಮಾಡ್ತೀನಂದ್ರ ಮನ್ಯಾಗ ನಗ್ತಾರ" ಅಂತ ಬರೆದಿದ್ದೀರಿ. ಜಮಖಂಡಿ ಹತ್ತಿರದ ನಮ್ಮೂರಲ್ಲಿ ನಮ್ಮಪ್ಪ ಕೇಳಿದ್ದೂ ಇದನ್ನೇ: "ಮೀನ ಎಣಸಾಕ ಕಾರವಾರಕ್ಕ ಯಾಕ ಹೋಗ್ತೀಯೋ, ಕೃಷ್ಣಾ ಹೊಳಿ ಇಲ್ಲೇನು?"

ಓದು ಮೊದಲು. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ಎಂಎಸ್ಸಿ ಇರುವುದು ಧಾರವಾಡದಲ್ಲಲ್ಲ, ಕಾರವಾರದ ಕೋಡಿಬಾಗದಲ್ಲಿ. ಅಲ್ಲಿ ಡೈವಿಂಗ್‌ಗಿಂತ ಮುಂಚೆ ಕಲಿಯಬೇಕಾದದ್ದು ಬಂಡೆ ಮೇಲೆ ಕುಕ್ಕರಗಾಲಲ್ಲಿ ಕೂರುವುದು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಇಳಿತದಲ್ಲಿ ನೀರು ಬಹಳ ಹಿಂದೆ ಸರಿಯುತ್ತದೆ. ಒಂದು ಎಳ್ಳಮಾಸಿಗೆ ಮನೆಯವರೆಲ್ಲ ಹೊಲದಲ್ಲಿ ಚರಗ ಚೆಲ್ಲುತ್ತಿದ್ದರೆ, ನಾನು ಅರ್ಧ ಮೀಟರಿನ ಚೌಕಟ್ಟು ಬಂಡೆ ಮೇಲಿಟ್ಟು ಅದರೊಳಗಿನ ಬಾರ್ನಕಲ್, ಲಿಂಪೆಟ್ ಎಂಬ ಬಂಡೆಗೆ ಅಂಟಿದ ಚಿಪ್ಪಿನ ಜೀವಿಗಳನ್ನು ಎಣಿಸುತ್ತಿದ್ದೆ. ಹವಳದ ಮೇಲೂ ಮಾಡುವುದು ಇದನ್ನೇ: ಟೇಪು ಹಾಸಿ, ಅದರ ಕೆಳಗೆ ಬಂದದ್ದನ್ನೆಲ್ಲ ಪೆನ್ಸಿಲ್‌ನಲ್ಲಿ ಪ್ಲಾಸ್ಟಿಕ್ ಸ್ಲೇಟಿನ ಮೇಲೆ ಬರೆಯುವುದು. ದಂಡೆಯಲ್ಲಿ ಎಣಿಸಲು ಬೇಸರಪಡುವವರಿಗೆ ನೀರೊಳಗೂ ಬೇಸರವೇ.

ಇನ್ನು ಡೈವಿಂಗ್. ಬೆಂಡು ಕಟ್ಟಿಕೊಂಡು ಬಾವಿಯಲ್ಲಿ ಈಸು ಕಲಿತವನು ನಾನು, ಇದೇನು ಮಹಾ ಅಂದುಕೊಂಡಿದ್ದೆ. ಬಾವಿಯ ಚಟವೇ ಅಡ್ಡಬಂತು. ಉಸಿರು ಬಿಗಿಹಿಡಿದು ತಳದ ಮಣ್ಣು ತಂದು ತೋರಿಸುವುದು ನಮ್ಮ ಕಡೆ ಶೂರತನ. ಸಿಲಿಂಡರ್ ಕಟ್ಟಿಕೊಂಡಾಗ ಅದೇ ಪ್ರಾಣಕ್ಕೆ ಎರವು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಅಲ್ಲಿ ಎಳೆದುಕೊಂಡ ಉಸಿರು ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ, ಬಿಡದೆ ಹಿಡಿದುಕೊಂಡರೆ ಶ್ವಾಸಕೋಶ ಹರಿಯುತ್ತದೆ. ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಮೊದಲ ಸಲ ಟೇಪಿನ ಕೆಲಸಕ್ಕೆ ಇಳಿದಾಗ ಬಾವಿಯಲ್ಲಿ ಬಡಿದಂತೆ ಕೈಕಾಲು ಬಡಿದೆ. ಮರಳೆದ್ದು ಟೇಪೇ ಕಾಣದಾಯಿತು. ಜೊತೆಗಿದ್ದ ಸೀನಿಯರ್ ಹತ್ತಿರ ಬಂದು, ನನ್ನ ಎರಡೂ ಕೈ ಹಿಡಿದು, ಅಳುವ ಮಗುವಿನ ಕೈ ಮಡಿಸುವಂತೆ ಎದೆಗೆ ಮಡಿಸಿಬಿಟ್ಟರು. ಆ ದಿನದ ಸ್ಲೇಟು ಖಾಲಿ. ಕದಲದೆ ತೇಲಿ ನಿಲ್ಲುವುದು ಕೈಗೂಡಲು ನನಗೆ ಎರಡು ಸೀಸನ್ ಹಿಡಿಯಿತು. ಅದು ಬರದೆ ಹವಳದ ಹತ್ತಿರ ಹೋಗಲೇಬಾರದು. ದುಂಡು ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್, ಕಾಲಿನ ಫಿನ್ ಒಮ್ಮೆ ತಾಗಿದರೆ ಹತ್ತು ವರ್ಷದ್ದು ಹೋಯಿತು.

ಎಂಎಸ್ಸಿ ಮೊದಲ ವರ್ಷ ಮುಗಿಸಿ ಓಪನ್ ವಾಟರ್ ಎಂಬ ಮೊದಲ ಹಂತದ ಡೈವಿಂಗ್ ಕೋರ್ಸ್ ಮಾಡಿ, 18 ಮೀಟರ್‌ವರೆಗೆ ಇಳಿಯಬಹುದು. ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಬಿಡುವುದಿಲ್ಲ. ಅಭ್ಯಾಸಕ್ಕೆ ನೇತ್ರಾಣಿ ಸಾಕು, ಹವಳದ ಮೇಲೇ ಥೀಸಿಸ್ ಅಂದರೆ ಲಕ್ಷದ್ವೀಪ, ಮನ್ನಾರ್ ಕೊಲ್ಲಿ ಅಥವಾ ಅಂಡಮಾನ್. ಸತ್ತ ತುಂಡೆಂದು ಹವಳವನ್ನು ಬ್ಯಾಗಿಗೆ ಹಾಕಿಕೊಳ್ಳಬೇಡಿ, ವನ್ಯಜೀವಿ ಕಾಯ್ದೆಯಲ್ಲಿ ಅದಕ್ಕೂ ಹುಲಿಗೂ ಒಂದೇ ಪಟ್ಟಿ.

ಇನ್ನೊಂದು ಮಾತು ಕರಾವಳಿಯವರಿಗೆ ಹೊಳೆಯುವುದಿಲ್ಲ, ಅವರು ಘಟ್ಟ ಹತ್ತಬೇಕಾಗಿಲ್ಲವಲ್ಲ. ಡೈವ್ ಮಾಡಿದಾಗ ಮೈಯಲ್ಲಿ ಸಾರಜನಕ ಕರಗಿರುತ್ತದೆ. ಅದು ಹೊರಹೋಗುವ ಮುಂಚೆ ಎತ್ತರಕ್ಕೆ ಏರಿದರೆ ರಕ್ತದಲ್ಲಿ ಗುಳ್ಳೆ ಕಟ್ಟುವ ಅಪಾಯವಿದೆ. ಬೆಳಗಾವಿ ಸುಮಾರು 750 ಮೀಟರ್ ಎತ್ತರ, ನಿಮ್ಮ ವಿಜಯಪುರ 600ರ ಹತ್ತಿರ. ಹಾಗಾಗಿ ಅದೇ ರಾತ್ರಿಯ ಬಸ್ಸಿಗೆ ಟಿಕೆಟ್ ತೆಗೆಸಬೇಡಿ. ಮುರ್ಡೇಶ್ವರದಲ್ಲೇ ಮಲಗಿ, ಮರುದಿನ ಮಧ್ಯಾಹ್ನದ ಮೇಲೆ ಹೊರಡಿ.